ಕೊಸರು

ಈಚೆಗೆ ಎರ್ಮಿತ್ ಕಬ್ಬಿಣದ ಮಾರುಕಟ್ಟೆಗೆ ಹಿಂಬಾಗಿಲಿನಿಂದಲೇ ಹೋಗಿ ಬರುತ್ತಿದ್ದಳು. ಇವತ್ತು ಮಾತ್ರ ಗಡಿಯಾರದ ಕಮಾನಿನ ಕೆಳಗೆ ತಲೆ ಎತ್ತಿಕೊಂಡು ಹಾದು ಮುಂಬಾಗಿಲಿನಿಂದಲೇ ಹೋಗುತ್ತೇನೆ ಎಂದು ಮನೆಯಲ್ಲೇ ಗಟ್ಟಿ ಮನಸ್ಸು ಮಾಡಿಕೊಂಡು ಹೊರಟಿದ್ದಳು. ಆದರೆ ಬಸ್ಸಿನಿಂದ ಇಳಿದದ್ದೇ ತಡ, ಕಾಲುಗಳು ಅವಳನ್ನು ಒಂದು ಮಾತೂ ಕೇಳದೆ ಒಣಮೀನಿನವರ ಗಲ್ಲಿಗೆ ತಿರುಗಿದವು. ವರ್ಷದ ಕೊನೆಯ ದಿನ. ನಾಳೆ ಹೊಸ ವರ್ಷ, ಸ್ವಾತಂತ್ರ್ಯದ ದಿನ; ಆ ಹಬ್ಬದ ಸೂಪಿಗೆ ಇಡೀ ಪೋರ್ಟ್-ಓ-ಪ್ರಿನ್ಸ್ ಕುಂಬಳಕಾಯಿ ಹುಡುಕಿಕೊಂಡು ಇಲ್ಲಿಗೇ ಬಂದಂತಿತ್ತು. ಎಲ್ಲರ ತಲೆಯ ಮೇಲೂ ಒಂದೊಂದು ಕುಂಬಳಕಾಯಿ, ಎದುರಿಗೆ ಬಂದವರನ್ನು ಗುರುತು ಹಿಡಿಯುವುದಕ್ಕೂ ಆಗದಷ್ಟು ನೂಕುನುಗ್ಗಲು. ಅಷ್ಟು ಜನರ ನಡುವೆ ತನ್ನನ್ನು ಯಾರು ನೋಡುತ್ತಾರೆ ಎಂಬ ಧೈರ್ಯವೂ, ಯಾರಾದರೂ ನೋಡಿಯೇ ನೋಡುತ್ತಾರೆ ಎಂಬ ಅಳುಕೂ ಒಟ್ಟಿಗೇ ಇದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎರ್ಮಿತ್‌ಗೆ ಇನ್ನೂ ಯಾರೂ ಏನೂ ಅಂದಿರಲಿಲ್ಲ. ಆದರೂ ಗಲ್ಲಿಯ ಬಾಯಲ್ಲಿ ನಿಂತು ಅವಳು ತಲೆವಸ್ತ್ರವನ್ನು ಹಣೆಯ ಮೇಲೆ ಎಳೆದುಕೊಂಡಳು, ಆಮೇಲೆ ನಾಚಿಕೆಯಾಗಿ ಮತ್ತೆ ಹಿಂದಕ್ಕೆ ಸರಿಸಿದಳು.

ಬೆಳಿಗ್ಗೆ ಅಮ್ಮ ಹಾಸಿಗೆಯ ಮೇಲೆ ಊದಿದ ಕಾಲು ಚಾಚಿಕೊಂಡು, ಯಾರದೋ ಲಂಗದ ಅಂಚು ಮಡಿಸುತ್ತಾ ಹೇಳಿದ್ದಳು: "ಲುಮೆನ್ ತೆಗೆದಿಟ್ಟಿರ್ತಾಳೆ. ನೀನು ಬಾಯಿ ಬಿಟ್ಟು ಕೇಳೋದೂ ಬೇಡ, ಹೋಗಿ ನಿಂತ್ಕೋ ಸಾಕು. ಸೂಜಿ ಇರೋದೇ ನೋಡಿ ತಗೊಂಡು ಬಾ." ಸೂಜಿ ಎಂದರೆ ಗುರುತು. ಮಾರುಕಟ್ಟೆಯಲ್ಲಿ ಕಾಳು, ತರಕಾರಿ ಮಾರುವ ಲುಮೆನ್‌ಳ ಅಣ್ಣ ಬೆಟ್ಟದ ಮೇಲೆ ಹೊಲ ಮಾಡುತ್ತಾನೆ. ಕಾಯಿ ಇನ್ನೂ ಎಳೆಯದಾಗಿ ಬಳ್ಳಿಯಲ್ಲಿರುವಾಗಲೇ ಲುಮೆನ್ ಹೋಗಿ, ವರ್ತನೆಯವರಿಗೆಂದು, ಎಂದರೆ ತಪ್ಪದೆ ತನ್ನ ಹತ್ತಿರವೇ ಕೊಳ್ಳುವವರಿಗೆಂದು, ಆರಿಸಿದ ಕಾಯಿಗಳ ಮೇಲೆ ಉಗುರಿನಿಂದ ಗೀರಿ ಬರುತ್ತಾಳೆ. ಮೀನು ಮಾರುವವಳಿಗೆ ಮೀನು, ಪಾದ್ರಿಯ ಅಡಿಗೆಯವಳಿಗೆ ಶಿಲುಬೆ, ದರ್ಜಿಯ ಮನೆಯವರಾದ ಇವರಿಗೆ ಸೂಜಿ. ಕಾಯಿ ಬೆಳೆದಂತೆ ಗೀರೂ ಬೆಳೆಯುತ್ತದೆ, ಒಣಗಿ ಕಂದು ಹುರುಪೆ ಕಟ್ಟುತ್ತದೆ. ಉದ್ದನೆಯ ಗೀರು, ಮೇಲ್ತುದಿಯಲ್ಲಿ ದಾರ ಪೋಣಿಸುವ ಕಣ್ಣು. ಎರ್ಮಿತ್ ಚಿಕ್ಕವಳಿದ್ದಾಗ ಆ ಕಣ್ಣಿನೊಳಗೆ ಬೆರಳಿಟ್ಟು, ಈ ಕಾಯಿ ಹುಟ್ಟಿದ್ದೇ ನಮಗಾಗಿ ಎಂದು ಹಿಗ್ಗುತ್ತಿದ್ದಳು. "ಫ್ರೆಂಚ್ ದೊರೆಗಳ ಕಾಲದಲ್ಲಿ ಈ ಸೂಪು ಬೇಯಿಸಿದೋರು ನಾವು, ಉಂಡೋರು ಅವರು," ಎಂದು ಪ್ರತಿ ವರ್ಷ ಹೇಳುವುದನ್ನು ಅಮ್ಮ ಈ ವರ್ಷವೂ ಹೇಳಿದಳು. "ಮೊದಲ ಬಟ್ಟಲು ಲುಮೆನ್‌ಗೆ. ಮರೀಬೇಡ. ಅವಳ ಮೊಣಕಾಲು ಹೇಗಿದೆ ಕೇಳು."

ಮೊಣಕಾಲು! ಲುಮೆನ್‌ಳ ಮೊಣಕಾಲಿಗೆ ಏನೂ ಆಗಿರಲಿಲ್ಲ. ಆಗಿದ್ದರೂ ಎರ್ಮಿತ್‌ಗೆ ಗೊತ್ತಾಗುವಂತಿರಲಿಲ್ಲ, ಏಕೆಂದರೆ ಅವಳು ಲುಮೆನ್‌ಳ ಮುಖ ನೋಡಿ ಕೊನೆಯದಾಗಿ ಮಾತಾಡಿದ್ದು ಮೇ ತಿಂಗಳಲ್ಲಿ. ಆಮೇಲೆ ಅವರೆ, ಜೋಳ, ಸೊಪ್ಪು ಎಲ್ಲವನ್ನೂ ಹಿಂಬಾಗಿಲಿನ ಹತ್ತಿರ ಕೂರುವ ಜೆಸುಲಾ ಎಂಬ ಹೊಸಬಳಿಂದ ತರುತ್ತಿದ್ದಳು. ಜೆಸುಲಾ ಮಾತಿಗೆ ಧಾರಾಳಿ, ಕೊಸರಿಗೆ ಜಿಪುಣಿ. ಅಮ್ಮ ಮಾತ್ರ ಬುಟ್ಟಿ ಇಳಿಸುವುದೇ ತಡ ಕೇಳುತ್ತಿದ್ದಳು: "ಏನ್ ಕೊಸರು ಹಾಕಿದ್ಲು ಲುಮೆನ್?" ಕೊಸರಿಲ್ಲದ ವರ್ತನೆ ಉಂಟೆ? ಅದಕ್ಕೇ ಎರ್ಮಿತ್ ಇನ್ನೊಬ್ಬಳ ಹತ್ತಿರ ಒಂದು ಹಿಡಿ ಥೈಮ್ ಸೊಪ್ಪನ್ನು ಬೇರೆಯಾಗಿ ಕೊಂಡು, ಬುಟ್ಟಿಯ ಮೇಲೆ ಕೊಸರಿನ ಹಾಗೆ ಇಡುವುದನ್ನು ಕಲಿತಳು. ಒಂದು ಸುಳ್ಳಿಗೆ ಇನ್ನೊಂದು ಊರುಗೋಲು ಬೇಕು. "ಏನಂದ್ಲು?" ಎಂದು ಅಮ್ಮ ಕೇಳಿದಾಗ ಲುಮೆನ್‌ಳ ಮಾತುಗಳನ್ನೂ ಇವಳೇ ಕಟ್ಟಬೇಕಾಯಿತು. ಹೀಗೆ ಒಂದು ದಿನ ಬೇರೇನೂ ಹೊಳೆಯದೆ, "ಮೊಣಕಾಲು ನೋವಂತೆ" ಎಂದುಬಿಟ್ಟಿದ್ದಳು. ಅಮ್ಮ ಆ ಭಾನುವಾರ ಪ್ರಾರ್ಥನೆಯಲ್ಲಿ ಲುಮೆನ್‌ಳ ಮೊಣಕಾಲನ್ನೂ ಸೇರಿಸಿಕೊಂಡಳು. ಇಲ್ಲದ ನೋವು ವಾಸಿಯಾಗಲೆಂದು ಅಮ್ಮ ಕಣ್ಣು ಮುಚ್ಚಿ ದೇವರನ್ನು ಕೇಳುತ್ತಿದ್ದರೆ ಪಕ್ಕದಲ್ಲಿ ಮಂಡಿಯೂರಿದ್ದ ಎರ್ಮಿತ್‌ಗೆ ತನ್ನ ಮೊಣಕಾಲೇ ನೋಯತೊಡಗಿತ್ತು.

ಒಣಮೀನಿನ ಘಾಟು ಹಿಂದಾಯಿತು, ಛಾವಣಿ ಬಂತು. ಹೊರಗಿನ ಬಿಸಿಲಿನಿಂದ ಒಳಗೆ ಬಂದಾಗ ಒಂದು ಗಳಿಗೆ ಏನೂ ಕಾಣುವುದಿಲ್ಲ, ಬರೀ ಸದ್ದು. ಆ ಕತ್ತಲೆ ಅವಳಿಗೆ ಹಿತವಾಗಿತ್ತು. ಆಮೇಲೆ ಒಂದೊಂದೇ ಕಬ್ಬಿಣದ ಕಂಬ ಮೂಡಿತು, ಕಂಬಗಳ ಬುಡದಲ್ಲಿ ಹೆಂಗಸರು, ಅವರ ಮುಂದೆ ರಾಶಿಗಳು. "ಬಾರೇ ಪ್ರಾತಿಕ್, ಬಾ!" ಎಂದು ಜೆಸುಲಾ ದೂರದಿಂದಲೇ ಕೂಗಿದಳು. ಪ್ರಾತಿಕ್ ಎಂದು ಇಲ್ಲಿ ವರ್ತನೆಯವರನ್ನು ಕರೆಯುವುದು. ಕೊಳ್ಳುವವಳಿಗೂ ಅದೇ ಹೆಸರು, ಮಾರುವವಳಿಗೂ ಅದೇ ಹೆಸರು. ಅಮ್ಮನಿಗೆ ಲುಮೆನ್‌ಳ ತಾಯಿ ಪ್ರಾತಿಕ್, ಆ ತಾಯಿ ಸತ್ತ ಮೇಲೆ ಲುಮೆನ್, ಅಮ್ಮನ ಕಾಲು ಊದಿದ ಮೇಲೆ ಎರ್ಮಿತ್. ಆಸ್ತಿಯಿಲ್ಲದವರ ಮನೆಯಲ್ಲಿ ಮಕ್ಕಳಿಗೆ ಬರುವ ಆಸ್ತಿ ಇದೇ. ಜೆಸುಲಾ ಎಲ್ಲರನ್ನೂ ಪ್ರಾತಿಕ್ ಎನ್ನುತ್ತಾಳೆ, ದಾರಿ ಕೇಳುವುದಕ್ಕೆ ನಿಂತವರನ್ನೂ.

"ಕುಂಬಳಕಾಯಿ ಬೇಡ್ವಾ? ನೋಡು, ನಿನ್ನ ಮುಖದ ಹಾಗೆ ದುಂಡಗಿದೆ!"

"ಇವತ್ತು ಬೇಡ."

"ಬೇರೆ ಕಡೆ ಹೋಗ್ತೀಯಾ? ಎಲ್ಲಿಗೆ? ನೆಗ್ಗಿದ ಡಬ್ಬದೋಳ ಹತ್ರಕ್ಕಾ?" ಜೆಸುಲಾ ನಕ್ಕಳು. ಪಕ್ಕದ ಬಾಳೆಕಾಯಿಯವಳೂ ನಕ್ಕಳು. ಎರ್ಮಿತ್ ತನ್ನ ಬಾಯಿಯೂ ನಗುತ್ತಿರುವುದನ್ನು ಗಮನಿಸಿದಳು. ಕೆನ್ನೆಗಳು ಎಳೆದುಕೊಂಡು ಹಲ್ಲು ಕಾಣಿಸುತ್ತಿದ್ದವು, ನಿಲ್ಲಿಸಬೇಕೆಂದರೂ ಅವು ಬೇಗ ಹಿಂದಕ್ಕೆ ಬರಲಿಲ್ಲ. ನೆಗ್ಗಿದ ಡಬ್ಬದೋಳು. ಮೇ ತಿಂಗಳಿನಿಂದ ಲುಮೆನ್‌ಗೆ ಈ ಮಾರುಕಟ್ಟೆಯಲ್ಲಿ ಅದೇ ಹೆಸರು, ಆ ಹೆಸರು ಹುಟ್ಟಿದಾಗ ಎರ್ಮಿತ್ ಅಲ್ಲೇ ಇದ್ದಳು. ಅವಳೇ ಮದಾಂ ವಾಲ್‌ಬ್ರೂನ್‌ರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು. ಮದಾಂ ಅವರ ಮಗಳ ಮೊದಲ ಪರಮಪ್ರಸಾದದ ಇಗರ್ಜಿ ಸಮಾರಂಭಕ್ಕೆ ಬಿಳಿ ಫ್ರಾಕು ಹೊಲಿಯುವ ಕೆಲಸ ಎರ್ಮಿತ್‌ಗೆ ಸಿಕ್ಕಿತ್ತು. ಬೆಟ್ಟದ ಮೇಲಿನ ಬಂಗಲೆಯ ಕೆಲಸ, ಒಂದು ಚೆನ್ನಾಗಿ ಆದರೆ ಹತ್ತು ಬರುತ್ತದೆ. ಲೇಸು ಆರಿಸಲು ಪೇಟೆಗೆ ಬಂದಿದ್ದ ಮದಾಂ "ಒಳ್ಳೆ ಅವರೆ ಎಲ್ಲಿ ಸಿಗತ್ತೆ" ಎಂದಾಗ, "ಬನ್ನಿ ಮದಾಂ, ನನ್ನ ಪ್ರಾತಿಕ್ ಇದ್ದಾಳೆ" ಎಂದು ಎಷ್ಟು ಜಂಬದಿಂದ ಮುಂದೆ ಮುಂದೆ ನಡೆದಿದ್ದಳು! ಲುಮೆನ್ ಅಳೆದು ಸುರಿದಳು. ಮದಾಂ ಕೈಗವಸು ಹಾಕಿದ ಬೆರಳುಗಳಿಂದ ಆ ಹಳೆಯ ತಗಡಿನ ಡಬ್ಬವನ್ನೆತ್ತಿ, ಬೋರಲು ಹಾಕಿ, ತಳವನ್ನು ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಓಹೋ, ತಳ ಒಳಗಡೆಗೆ ನೆಗ್ಗಿಸಿದ್ದಾಳೆ! ಹೀಗೋ ನೀವು ಹೊಟ್ಟೆ ಹೊರೆಯೋದು?" ಎಂದರು.

ಅಳತೆಯ ತಕರಾರು ಬಂದರೆ ಇಲ್ಲಿ ಪೊಲೀಸರನ್ನು ಕರೆಯುವುದಿಲ್ಲ, ವರ್ತನೆಯವಳನ್ನು ಕೇಳುತ್ತಾರೆ. ಅವಳು "ಸರಿಯಿದೆ" ಎಂದರೆ ಸರಿಯಿದೆ. ಲುಮೆನ್ ಸಿಟ್ಟು ಕೂಡ ಮಾಡಿಕೊಂಡಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ಅಂದಳು: "ಇವಳನ್ನೇ ಕೇಳಿ ತಾಯಿ. ಲಂಗ ಹಾಕೋದು ಕಲಿಯೋಕೆ ಮುಂಚಿನಿಂದ ಇದೇ ಡಬ್ಬದಲ್ಲಿ ಅಳೆಸ್ಕೊಂಡೋಳು. ಹೇಳೇ ಪ್ರಾತಿಕ್." ಸುತ್ತಲಿನ ಹೆಂಗಸರೆಲ್ಲ ಇವಳ ಕಡೆ ತಿರುಗಿದರು. ಎರ್ಮಿತ್‌ಗೆ ಗೊತ್ತಿತ್ತು. ಅವಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಸಿಮೆಂಟಿನ ಮೇಲೆ ಕುಕ್ಕಿ ಕುಕ್ಕಿ ತಗಡಿನ ತಳ ವರ್ಷದೊಳಗೆ ಒಳಕ್ಕೆ ಬರುತ್ತದೆ. ಸೂಪಿನ ಹಬ್ಬ ಮುಗಿದ ಮೇಲೆ ಲುಮೆನ್‌ಳ ತಾಯಿ ಡಬ್ಬವನ್ನು ಪುಟ್ಟ ಎರ್ಮಿತ್‌ಳ ತೊಡೆಯ ಮೇಲಿಟ್ಟು, ಕೈಗೊಂದು ದುಂಡು ಕಲ್ಲು ಕೊಟ್ಟು, "ಒಳಗಿಂದ ಬಡಿ ಮಗಾ, ತಳ ಸಪಾಟಾಗ್ಬೇಕು, ಒಬ್ಬರ ಕಾಳು ನಮ್ಮ ಹೊಟ್ಟೇಲಿ ಉಳೀಬಾರದು" ಎನ್ನುತ್ತಿದ್ದಳು. ಆ ಡಬ್ಬಕ್ಕೆ ಬಿದ್ದ ಏಟುಗಳಲ್ಲಿ ಅರ್ಧ ಅವಳವೇ. ಅದನ್ನು ಹೇಳುವುದಕ್ಕೆ ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಮದಾಂ ಅವಳನ್ನು, ಅವಳ ಚಪ್ಪಲಿಯಿಂದ ತಲೆವಸ್ತ್ರದ ತನಕ, ಇವಳೂ ಇವರಲ್ಲೊಬ್ಬಳೇ ಎಂಬಂತೆ ನೋಡಿದರು. ಎರ್ಮಿತ್ ಅಂದದ್ದು ಇಷ್ಟು: "ನಂಗೇನ್ ಗೊತ್ತು ಮದಾಂ. ಅಮ್ಮ ತಗೊಳ್ತಿದ್ಲು ಅಂತ ನಾನೂ ತಗೊಳ್ತೀನಿ. ಗೊತ್ತಿಲ್ಲ."

ಒಂದು ಬಿಳಿ ಫ್ರಾಕಿಗಾಗಿ. ಆ ಫ್ರಾಕು ಚೆನ್ನಾಗಿಯೇ ಆಯಿತು. ಆಮೇಲೆ ಆ ಬಂಗಲೆಯಿಂದ ಯಾರೂ ಕರೆಯಲಿಲ್ಲ.

ಈಗ ಅವಳು ಜೆಸುಲಾಳನ್ನು ದಾಟಿ ಹೋಗುತ್ತಿದ್ದಳು. ಮಡಕೆಯವರು, ಬುಟ್ಟಿಯವರು, ರಮ್ಮಿನ ಸೀಸೆಗಳಲ್ಲಿ ಬೇರು ನೆನೆಹಾಕಿ ಮಾರುವ ಮುದುಕ. ಅವನು "ಎದೆ ಬಡಿತಕ್ಕೆ ಇದು ಕುಡಿ ಮಗಳೇ" ಎಂದು ಯಾರಿಗೋ ಹೇಳಿದ್ದು ತನಗೇ ಹೇಳಿದ ಹಾಗೆ ಕೇಳಿಸಿತು. ಲುಮೆನ್ ಮೊದಲು ಮುಂಬಾಗಿಲಿನ ಬೆಳಕಿನಲ್ಲಿ ಕೂರುತ್ತಿದ್ದಳು, ಬಂದವರೆಲ್ಲ ಮೊದಲು ಅವಳ ಕಾಲಿಗೇ ಎಡವಬೇಕು. ಗಿರಾಕಿ ಕಡಿಮೆಯಾದ ಮೇಲೆ ಆ ಜಾಗ ಬೇರೆಯವರದಾಯಿತು. ಈಗ ಅವಳಿರುವುದು ಒಂದು ಕಂಬದ ಹಿಂದೆ, ಬೆಳಕು ಅಡ್ಡಡ್ಡ ಬೀಳುವ ಮೂಲೆಯಲ್ಲಿ. ಎರ್ಮಿತ್ ಕಂಬದ ಈ ಕಡೆ ನಿಂತು ಉಸಿರು ಬಿಗಿ ಹಿಡಿದು ಇಣುಕಿದಳು. ಲುಮೆನ್ ಅವರೆಕಾಳಿನಿಂದ ಕಲ್ಲು ಆರಿಸುತ್ತಿದ್ದಳು. ಸೊರಗಿದ್ದಾಳೆಯೇ? ಇಲ್ಲ, ಹಾಗೇ ಇದ್ದಾಳೆ. ಸೊರಗಿದ್ದರೆ ಒಂದು ರೀತಿ ಸುಲಭವಾಗುತ್ತಿತ್ತು ಎಂದು ಅನಿಸಿದ್ದಕ್ಕೆ ಎರ್ಮಿತ್‌ಗೆ ತನ್ನ ಮೇಲೇ ಹೇಸಿಗೆಯಾಯಿತು. ಪಕ್ಕದಲ್ಲಿ ಹತ್ತಾರು ಕುಂಬಳಕಾಯಿ. ಅವುಗಳ ಹಿಂದೆ, ಗೋಣಿಬಟ್ಟೆ ಹೊದಿಸಿ ಬೇರೆಯಾಗಿ ಇಟ್ಟ ಒಂದು. ಬಟ್ಟೆ ಒಂದು ಕಡೆ ಜಾರಿತ್ತು. ಕಂದು ಗೀರು, ತುದಿಯಲ್ಲಿ ಕಣ್ಣು.

ಸೂಜಿ!

ಆ ಕಾಯಿ ಎಳೆಯದಾಗಿದ್ದು ಸುಮಾರು ಅಕ್ಟೋಬರಿನಲ್ಲಿ. ಮೇ ತಿಂಗಳು ಕಳೆದು, ಜಾಗ ಹೋಗಿ, ಅಡ್ಡಹೆಸರು ಅಂಟಿದ ಮೇಲೆ. ಅಷ್ಟೆಲ್ಲ ಆದ ಮೇಲೂ ಲುಮೆನ್ ಬೆಟ್ಟ ಹತ್ತಿ ಹೋಗಿ, ಬಳ್ಳಿಯ ನಡುವೆ ಬಗ್ಗಿ, ಉಗುರಿನಿಂದ ಸೂಜಿ ಗೀರಿದ್ದಾಳೆ. ಹಾಗಾದರೆ ಅವಳು ಮರೆತಿದ್ದಾಳೆ, ಇಲ್ಲವೇ ಕ್ಷಮಿಸಿದ್ದಾಳೆ, ಇಲ್ಲವೇ ಅದು ನಾನು ಅಂದುಕೊಂಡಷ್ಟು ದೊಡ್ಡ ವಿಷಯವೇ ಆಗಿರಲಿಲ್ಲ. ತಿಂಗಳುಗಟ್ಟಲೆ ಸುಮ್ಮನೆ ಹಿಂಬಾಗಿಲು ಸುತ್ತಿದೆನಲ್ಲ, ಎಂಥ ಪೆದ್ದಿ ನಾನು! ಅವಳಿಗೆ ಅಳುವೇ ಬಂತು. ಕಂಬದ ಮರೆಯಿಂದ ಹೊರಗೆ ಬಂದು, ಹಳೆಯ ಸಲುಗೆಯಿಂದ, ಆದರೆ ಸ್ವಲ್ಪ ಜೋರಾಗಿಯೇ, "ಏನೇ ಪ್ರಾತಿಕ್!" ಎಂದಳು.

ಲುಮೆನ್ ತಲೆ ಎತ್ತಿದಳು. ಕಾಳಿನೊಳಗಿದ್ದ ಬೆರಳುಗಳು ನಿಂತವು.

"ಬನ್ನಿ ಅಮ್ಮಾ. ತಮಗೇನು ಬೇಕು?"

ಬನ್ನಿ. ತಮಗೆ. ಬೈದಿದ್ದರೆ ಎರ್ಮಿತ್ ಬೈಸಿಕೊಳ್ಳಲು ಸಿದ್ಧವಾಗಿದ್ದಳು. ಲುಮೆನ್‌ಳ ಬೈಗುಳ ಇಡೀ ಛಾವಣಿಯ ಕೆಳಗೆ ಹೆಸರಾದದ್ದು.

"ಕುಂಬಳಕಾಯಿ..."

"ಇವೆ ನೋಡಿ. ಆರಿಸ್ಕೊಳ್ಳಿ."

"ಅದು..." ಗೋಣಿಬಟ್ಟೆಯ ಕಡೆ ಕೈ ತೋರಿಸಿದಳು.

"ಅದು ಮಾರೋದಕ್ಕಲ್ಲ. ನನ್ನ ಪ್ರಾತಿಕ್‌ಗೆ ಇಟ್ಟಿರೋದು."

"ಅದರ ಮೇಲೆ ನಮ್ಮ ಸೂಜಿ ಇದ್ಯಲ್ಲಾ?"

"ಇದೆ," ಎಂದು ಲುಮೆನ್ ಬಗ್ಗಿ, ಜಾರಿದ್ದ ಬಟ್ಟೆಯನ್ನು ಎಳೆದು ಸರಿಮಾಡಿದಳು.

ಎರ್ಮಿತ್ ಹೊರಟುಹೋಗಬಹುದಿತ್ತು. ಹೋಗಲಿಲ್ಲ, ಎದುರಿಗಿದ್ದ ಕಾಯಿಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟುತ್ತಾ, ತಟ್ಟಿದ್ದನ್ನೇ ಮತ್ತೆ ತಟ್ಟುತ್ತಾ ನಿಂತಳು. ಅಷ್ಟರಲ್ಲಿ ಹಳ್ಳಿಯ ಕಡೆಯವಳಂತಿದ್ದ ಒಬ್ಬ ಹೆಂಗಸು, ತಲೆಯ ಮೇಲೆ ಕೋಳಿಯ ಪಂಜರ ಹೊತ್ತವಳು, ಅವರೆಕಾಳಿನ ಮುಂದೆ ನಿಂತು, ಡಬ್ಬವನ್ನು ಅನುಮಾನದಿಂದ ನೋಡಿ, ಎರ್ಮಿತ್‌ಳ ಮೊಣಕೈ ಮುಟ್ಟಿ ಕೇಳಿದಳು: "ಏನಕ್ಕಾ, ಇವಳ ಅಳತೆ ಹೆಂಗೆ?"

ದೇವರೇ ಕಳಿಸಿದ ಹಾಗೆ ಬಂದಳಲ್ಲ ಈ ಪುಣ್ಯಾತ್ಗಿತ್ತಿ! ಎರ್ಮಿತ್ ಅವಳ ಕೈ ಹಿಡಿದುಕೊಂಡೇಬಿಟ್ಟಳು. "ಕಣ್ಣು ಮುಚ್ಚಿ ತಗೊಳ್ಳಮ್ಮ! ಈ ಡಬ್ಬದ ಹಾಗೆ ಇನ್ನೊಂದು ಡಬ್ಬ ಈ ಊರಲ್ಲೇ ಇಲ್ಲ. ನಾನೇ ಚಿಕ್ಕೋಳಿದ್ದಾಗ ಇದರ ತಳ ಬಡಿದಿದೀನಿ, ಕಲ್ಲಲ್ಲಿ. ಇವರಮ್ಮ ಕೂತ್ಕೊಂಡು ಬಡಿಸ್ತಿದ್ರು. ಒಂದು ಕಾಳು ಆಚೀಚೆ ಆಗೋಲ್ಲ, ನಾನು ಹೇಳ್ತೀನಿ, ಎಲ್ಲಿ ಬೇಕಾದ್ರೂ ಹೇಳ್ತೀನಿ!" ಮೇ ತಿಂಗಳಿನಲ್ಲಿ ನುಂಗಿದ್ದೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು. ಅಕ್ಕಪಕ್ಕದವರು ತಿರುಗಿ ನೋಡಿದರು. ಅವರು ನೋಡಲಿ ಎಂದೇ ಅವಳು ಇನ್ನೂ ಜೋರಾಗಿ ಹೇಳಿದಳು. ಅವಳ ಆ ಉತ್ಸಾಹಕ್ಕೆ ಹಳ್ಳಿಯವಳು ಗಾಬರಿಯಾಗಿ ಲುಮೆನ್ ಕಡೆ ತಿರುಗಿದಳು.

"ಇವ್ರು ನಿನ್ನ ಪ್ರಾತಿಕ್ಕಾ?"

"ಅಲ್ಲಮ್ಮ," ಎಂದಳು ಲುಮೆನ್, ಸಿಟ್ಟಿಲ್ಲದೆ. "ಇವರು ಇವತ್ತೇ ಬಂದಿರೋದು."

ಪಂಜರದೊಳಗಿನ ಕೋಳಿ ಕೊಕ್ಕರಿಸಿತು. ಹಳ್ಳಿಯವಳು ಇಬ್ಬರ ಮುಖವನ್ನೂ ನೋಡಿ, ಇದ್ಯಾವುದೋ ಜೋಡಿ ಕಳ್ಳಿಯರ ಆಟವೆಂದುಕೊಂಡಳೋ ಏನೋ, ಮೆಲ್ಲನೆ ಜಾರಿಕೊಂಡಳು. ಎರ್ಮಿತ್ ಕೈಗೆ ಸಿಕ್ಕ ಒಂದು ಕಾಯಿಯನ್ನು ಎತ್ತಿಕೊಂಡು ಹಣ ಕೊಟ್ಟಳು. ಲುಮೆನ್ ಸರಿಯಾದ ಚಿಲ್ಲರೆ ಕೊಟ್ಟಳು. ಕೊಟ್ಟ ಮೇಲೂ ಎರ್ಮಿತ್ ನಿಂತೇ ಇದ್ದಳು, ಬುಟ್ಟಿ ಮುಂದೆ ಹಿಡಿದುಕೊಂಡು. ತಾನು ಕಾಯುತ್ತಿರುವುದು ಕೊಸರಿಗೆ ಎಂದು ಅವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಲುಮೆನ್ ಮತ್ತೆ ಕಲ್ಲು ಆರಿಸತೊಡಗಿದ್ದಳು. ಥೈಮ್ ಕಟ್ಟುಗಳು ಅವಳ ಕೈಗೆ ಎಟುಕುವಲ್ಲೇ, ನೀರು ಚಿಮುಕಿಸಿಕೊಂಡು, ಇದ್ದವು.

ಮುಂಬಾಗಿಲಿನಿಂದ ಹೊರಬಿದ್ದಳು, ಈ ಸಲ ಹಾಗೆ ತೀರ್ಮಾನ ಮಾಡದೆಯೇ. ಮನೆಗೆ ಹೋಗಲು ಕಾಲು ಬರಲಿಲ್ಲ. ಇಗರ್ಜಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಳು. ಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ಯಾರಿಗೆ ಆ ಸೂಜಿ? ನಮ್ಮ ಗುರುತನ್ನು ಇನ್ನೊಬ್ಬ ದರ್ಜಿಗೆ ಕೊಟ್ಟಳೆ? ಕೊಡಲಿ, ಅವಳ ಬಳ್ಳಿ, ಅವಳ ಉಗುರು. ಆದರೆ ಅಮ್ಮ ಬುಟ್ಟಿ ಇಳಿಸುವುದೇ ತಡ ಸೂಜಿ ಹುಡುಕುತ್ತಾಳೆ. ಇಲ್ಲವೆಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದು ಹೇಳಬೇಕೆಂದರೆ ಥೈಮ್ ಸೊಪ್ಪು, ಮೊಣಕಾಲು, ಭಾನುವಾರದ ಪ್ರಾರ್ಥನೆ, ಎಲ್ಲವನ್ನೂ ಬಿಚ್ಚಬೇಕು. ಒಂದು ಹೊಲಿಗೆ ಬಿಚ್ಚಿದರೆ ಇಡೀ ಅಂಚೇ ಬಿಚ್ಚಿಕೊಳ್ಳುತ್ತದೆ. ಎರ್ಮಿತ್ ತಲೆವಸ್ತ್ರದಿಂದ ಪಿನ್ನು ತೆಗೆದಳು. ಮೊದಲು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಿದ್ದಳು, ಮಾಡುವುದಿಲ್ಲ ಎಂದುಕೊಂಡೇ ಹಿಡಿದುಕೊಂಡಿದ್ದಳು. ಆಮೇಲೆ ಕಾಯಿಯನ್ನು ತೊಡೆಯ ಮೇಲಿಟ್ಟು, ಅಂದು ಡಬ್ಬ ಇಟ್ಟುಕೊಳ್ಳುತ್ತಿದ್ದ ಹಾಗೆಯೇ ಇಟ್ಟು, ತೊಟ್ಟಿನ ಹತ್ತಿರ ಒಂದು ಉದ್ದನೆಯ ಗೀರು ಎಳೆದಳು. ಬಲಿತ ಸಿಪ್ಪೆ ಸುಲಭವಾಗಿ ಬಿಡಲಿಲ್ಲ. ಗೀರಿನ ಉದ್ದಕ್ಕೂ ಹನಿ ಹನಿಯಾಗಿ ಅಂಟು ಒಸರಿತು. ಅಷ್ಟರಲ್ಲಿ ಇಗರ್ಜಿಯ ಬಾಗಿಲು ಕಿರುಗುಟ್ಟಿ ಇಬ್ಬರು ಸನ್ಯಾಸಿನಿಯರು ಹೊರಗೆ ಬಂದರು, ಅವಳು ಗಡಬಡಿಸಿ ಪಿನ್ನನ್ನು ತಲೆಗೆ ಸಿಕ್ಕಿಸಿ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು. ದಾರಿಯಲ್ಲಿ ಒಂದು ಕಟ್ಟು ಥೈಮ್ ಕೊಂಡಳು.

ಮನೆ ಸೇರಿದಾಗ ಸಂಜೆಯಾಗಿತ್ತು. ಅಮ್ಮ ಹಾಸಿಗೆಯ ಮೇಲೆ ದಿಂಬಿಗೊರಗಿ ಕೂತಿದ್ದಳು, ಮುಖ ಗೆಲುವಾಗಿತ್ತು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಆ ಕುಂಬಳಕಾಯಿ ಇತ್ತು. ಕಂದು ಸೂಜಿ ಎದುರಿಗೇ ಕಾಣುವ ಹಾಗೆ ಇಟ್ಟಿತ್ತು. ಮೇಲೆ ನೀರು ಚಿಮುಕಿಸಿದ ಥೈಮ್, ತೊಟ್ಟಿನ ಸಮೇತ ಒಂದು ಕೆಂಪು ಮೆಣಸಿನಕಾಯಿ, ಎರಡು ನಿಂಬೆ.

"ಎಲ್ಲಿ ಹಾಳಾಗಿ ಹೋಗಿದ್ಯೇ? ಲುಮೆನ್ ಬಂದು ಹೋದ್ಲು," ಎಂದಳು ಅಮ್ಮ. "ತಲೆ ಮೇಲೆ ಹೊತ್ಕೊಂಡು ಈ ದಿಬ್ಬ ಹತ್ತಿದಾಳೆ, ಪಾಪ, ಆ ಮೊಣಕಾಲಲ್ಲಿ. ಕೊಸರು ನೋಡು, ಈ ವರ್ಷ ಎಷ್ಟು ಹಾಕಿದಾಳೆ."

ಎರ್ಮಿತ್ ಬುಟ್ಟಿಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡಳು. "ಏನಂದ್ಲು?"

"ಮೊಣಕಾಲು ಹೆಂಗಿದೆಯಮ್ಮಾ ಅಂದೆ. ಒಂದು ಗಳಿಗೆ ನನ್ನೇ ನೋಡಿದ್ಲು. ಆಮೇಲೆ, 'ವಾಸಿ ತಾಯಿ, ನೀವು ಬೇಡಿಕೊಂಡಿದ್ದಕ್ಕೆ ವಾಸಿಯಾಯ್ತು' ಅಂದ್ಲು. ವಾರವಾರ ಕಳಿಸೋ ಥೈಮ್ ಚೆನ್ನಾಗಿರತ್ತೆ ಅಂದೆ. ಅದಕ್ಕೂ ಹೂಂ ಅಂದ್ಲು." ಅಮ್ಮ ದನಿ ತಗ್ಗಿಸಿದಳು. "ಬೇಜಾರು ಮಾಡ್ಕೋಬೇಡ ಮಗಾ. ಈಗಿನ ಕಾಲದವರನ್ನ ನಂಬೋಕಾಗಲ್ಲ ಅಂತ, ಕೇಳೇಬಿಟ್ಟೆ. ನನ್ನ ಮಗಳು ನಿನ್ನ ಹತ್ರಾನೇ ಬರ್ತಾಳೋ, ಬೇರೆ ವರ್ತನೆ ಹಿಡಿದಿದಾಳೋ ಅಂತ. ಪಕ್ಕದ ಮನೆಯೋರೂ ಇದ್ರು. 'ಅವಳ ಹಾಗೆ ನಿಯತ್ತಿನೋಳು ನಂಗೆ ಇನ್ನೊಬ್ಬಳಿಲ್ಲ' ಅಂತ ಎಲ್ಲರ ಮುಂದೆ ಹೇಳಿದ್ಲು ಕಣೇ. ನಂಗೆ ಹೊಟ್ಟೆ ತಣ್ಣಗಾಯ್ತು."

ಎರ್ಮಿತ್ ಸ್ಟೂಲಿನ ಮೇಲಿನ ಸೂಜಿಯನ್ನೇ ನೋಡಿದಳು. ಕೇಳಿದವರಿಗೆ ನಿಜ ಹೇಳುವುದಕ್ಕೆ ತನ್ನಿಂದ ಆಗಲಿಲ್ಲ; ತನಗಾಗಿ ಸುಳ್ಳು ಹೇಳುವುದಕ್ಕೆ ಲುಮೆನ್ ದಿಬ್ಬ ಹತ್ತಿ ಬಂದಿದ್ದಳು. ತನಗಾಗಿ ಅಲ್ಲ, ಅಮ್ಮನಿಗಾಗಿ. ಅಮ್ಮನೇ ಅವಳ ಪ್ರಾತಿಕ್.

"ಒಂದೇ ಒಂದು ಅರ್ಥವಾಗ್ಲಿಲ್ಲ," ಅಮ್ಮ ಮೆಣಸಿನಕಾಯಿಯ ತೊಟ್ಟು ಹಿಡಿದು ತಿರುಗಿಸುತ್ತಿದ್ದಳು. "ಹೋಗ್ತಾ ಬಾಗಿಲಲ್ಲಿ ನಿಂತ್ಕೊಂಡು, 'ನಾಳೆ ನಂಗೆ ಸೂಪು ಕಳಿಸ್ಬೇಡಿ ತಾಯಿ' ಅಂದ್ಲು. ಅವರಮ್ಮನ ಕಾಲದಿಂದ ಹೋಗ್ತಿರೋ ಬಟ್ಟಲು. ಯಾಕಂತೆ? ನಿನ್ನ ಹತ್ರ ಏನಾದ್ರೂ ಅಂದಳಾ?"

"ಗೊತ್ತಿಲ್ಲಮ್ಮ," ಎಂದಳು ಎರ್ಮಿತ್.

ಅಂದ ಮೇಲೆ ಆ ಮಾತು ಅವಳ ಕಿವಿಗೂ ಬಿತ್ತು. ಅಮ್ಮ ಮೆಣಸಿನಕಾಯಿ ತಿರುಗಿಸುವುದನ್ನು ನಿಲ್ಲಿಸಿದಳು. ಮಗಳ ಮುಖ ನೋಡಿದಳು, ಬೆನ್ನ ಹಿಂದಿನ ಕೈ ನೋಡಿದಳು.

"ಏನದು ಬುಟ್ಟೀಲಿ? ಇಲ್ಲಿ ತಾ."

ತಂದಳು. ಅಮ್ಮ ಬಟ್ಟೆ ಸರಿಸಿದಳು. ಬಾಡಿದ ಥೈಮ್ ಕಟ್ಟನ್ನು ಎತ್ತಿ ಪಕ್ಕಕ್ಕಿಟ್ಟಳು. ಕಾಯಿಯನ್ನು ಎರಡೂ ಕೈಯಿಂದ ತೊಡೆಯ ಮೇಲೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಹಸಿ ಗೀರಿನ ಮೇಲೆ ಹೆಬ್ಬೆರಳನ್ನು ಕೆಳಗಿನಿಂದ ಮೇಲಿನ ತನಕ ಎಳೆದಳು, ಬಟ್ಟೆಯ ಅಂಚು ಪರೀಕ್ಷೆ ಮಾಡುವವಳ ಹಾಗೆ. ಬೆರಳಿಗೆ ಅಂಟು ಹತ್ತಿತು. ಸ್ಟೂಲಿನ ಮೇಲಿನ ಕಾಯಿಯನ್ನೊಮ್ಮೆ ನೋಡಿದಳು. ಹೊರಗೆ ಯಾರದೋ ಮನೆಯಲ್ಲಿ ಆಗಲೇ ಮಾಂಸಕ್ಕೆ ಮಸಾಲೆ ಜಜ್ಜುತ್ತಿದ್ದರು. ಅಮ್ಮ ಕೊನೆಗೆ ಅಂದಳು:

"ಸೂಜಿಗೆ ಕಣ್ಣು ಇಡೋದು ಮರೆತಿದೀಯ."